ಕೆಳಗೆ ಓನರ್, ಮೇಲೆ ಸ್ತುತಿ

ದೇವರನ್ನು ಹೊಗಳಲು ಹೋದವರಿಗೆ ಮರ್ಯಾದೆ ಉಳಿಯಬಾರದು ಅಂತ ಎಲ್ಲಾದರೂ ಬರೆದಿದೆಯೋ ಏನೋ, ನಮ್ಮ ಸಭೆಯಲ್ಲಿ ಮಾತ್ರ ಭಾನುವಾರಕ್ಕೊಂದು ಫಜೀತಿ ತಪ್ಪಿದ್ದಲ್ಲ. ಬ್ಯಾಟರಾಯನಪುರದ ಒಂದು ಮನೆಯ ಮಹಡಿ ಮೇಲಿನ ಹಾಲೇ ನಮ್ಮ ಚರ್ಚು. ಐವತ್ತು ಜನ, ಒಬ್ಬರು ಪಾಸ್ಟರ್, ಕೀಬೋರ್ಡಿಗೆ ನಾನು. ಕೆಳಗೆ ಮನೆ ಓನರ್. ಹಾಡಿನ ಸದ್ದಿಗೆ ಆರ್.ಟಿ. ನಗರದಲ್ಲೊಮ್ಮೆ, ಹೆಬ್ಬಾಳದಲ್ಲೊಮ್ಮೆ ಜಾಗ ಕಳೆದುಕೊಂಡು ಇಲ್ಲಿಗೆ ಬಂದವರು ನಾವು. ಇದೂ ಹೋದರೆ ಬೀದಿಯೇ ಗತಿ ಎಂಬ ಹೆದರಿಕೆ ಎಲ್ಲರಿಗೂ ಇತ್ತು. ಆದರೆ ಬೈಬಲ್ಲಿನ ಕೀರ್ತನೆಗಳನ್ನು ಹಾಡಿದ ದಾವೀದ ಅರಸ ಸ್ವಂತ ಅರಮನೆಯಲ್ಲಿದ್ದವನು. ಕಹಳೆ ಊದಿ, ತಾಳ ಬಡಿಯಿರಿ, ಜಯಘೋಷ ಮಾಡಿ ಅಂತ ಆರಾಮಾಗಿ ಹೇಳಿಬಿಟ್ಟ. ಬಾಡಿಗೆಯವರ ಕಷ್ಟ ಅವನಿಗೇನು ಗೊತ್ತು?

೧. ಇದ್ದಬದ್ದ ವಾದ್ಯ

ಒಮ್ಮೆ ಪಾಸ್ಟರ್ ಕಟ್ಟಕಡೆಯ ಕೀರ್ತನೆಯ ಮೇಲೆ ಪ್ರಸಂಗ ಮಾಡಿದರು. ಅದರಲ್ಲಿ ವಾದ್ಯಗಳದ್ದೇ ದೊಡ್ಡ ಪಟ್ಟಿ. "ಮುಂದಿನ ವಾರ ಮನೇಲಿ ಏನ್ ವಾದ್ಯ ಇದ್ಯೋ ತಗೊಂಡ್ ಬನ್ನಿ" ಅಂದರು. ಹೇಳಿದ್ದೇ ತಪ್ಪಾಯಿತು. ಹೆಸರಘಟ್ಟದಲ್ಲಿ ಹಸು ಸಾಕಿರುವ ಆಂಟಿ ದೊಡ್ಡದೊಂದು ಗಂಟೆ ಹಿಡಿದು ಬಂದರು. "ಅಸ ಕೊಡಾಕಿಲ್ಲ ಅಂತು ಪಾಸ್ಟ್ರೇ, ಇಂಗೇ ಕತ್ತಿಂದ ಬಿಚ್ಕೊಂಡ್ ಬಂದೆ."

ಯಶವಂತಪುರದ ಮದುವೆ ಬ್ಯಾಂಡಿನವನೊಬ್ಬ ಟ್ರಂಪೆಟ್ ತಂದಿದ್ದ. ಅವನಿಗೆ ಬರುತ್ತಿದ್ದದ್ದು ಮೆರವಣಿಗೆಯ ಟ್ಯೂನು ಮಾತ್ರ. ಊದಲು ಶುರು ಮಾಡಿದ್ದೇ ತಡ, ಸಭೆ ತಾನಾಗಿಯೇ ಎರಡು ಪಾಲಾಗಿ ಮದುವೆ ಗಂಡಿಗೆ ದಾರಿ ಬಿಟ್ಟು ನಿಂತಿತು. ಆ ದಾರಿಯಲ್ಲಿ ಬಂದವರು ಓನರ್.

"ಇದು ಮನೆ ಕಣ್ರೀ, ಛತ್ರ ಅಲ್ಲ! ಇನ್ನೊಂದ್ಸಲ ಹಿಂಗಾದ್ರೆ ಖಾಲಿ ಮಾಡ್ಬೇಕಾಗುತ್ತೆ!"

ನಾವೆಲ್ಲ ಕೈಮುಗಿದು ತಪ್ಪಾಯ್ತು ಅಂದೆವು. ಟ್ರಂಪೆಟ್ಟಿನವನು ಮಾತ್ರ ಜೇಬಿನಿಂದ ಕಾರ್ಡು ತೆಗೆದು ಅವರ ಕೈಗಿಟ್ಟ. "ಛತ್ರದಲ್ಲೂ ಮಾಡ್ತೀವಿ ಸಾರ್."

೨. ಸಾಕ್ಸ್ ಹಾಕಿದ ಚಪ್ಪಾಳೆ

ಮುಂದಿನ ವಾರದಿಂದ ಸ್ತುತಿಯೆಲ್ಲ ಪಿಸುಮಾತಿನಲ್ಲಿ ಎಂದು ತೀರ್ಮಾನವಾಯಿತು. ಕೀಬೋರ್ಡ್ ಸ್ವಿಚ್ ಆಫ್. ನಾನು ಬರೀ ಬೆರಳಾಡಿಸಬೇಕು. ಚಪ್ಪಾಳೆ ಬೇಕೇ ಬೇಕು ಅಂದವರು ಕಾಲಿನ ಸಾಕ್ಸ್ ಕೈಗೆ ಹಾಕಿಕೊಂಡರು. ಜಯಘೋಷದ ಕೀರ್ತನೆ ಬಂದಾಗ ಪಾಸ್ಟರ್ ಎರಡೂ ಕೈ ಎತ್ತಿ, ಕಿವಿಯಲ್ಲಿ ಗುಟ್ಟು ಹೇಳುವ ದನಿಯಲ್ಲಿ "ಆರ್ಭಟಿಸಿ!" ಅಂದರು. ಐವತ್ತು ಜನ ಬಾಯಿ ಅಗಲಿಸಿ, ಕತ್ತಿನ ನರ ಉಬ್ಬಿಸಿ, ಸದ್ದಿಲ್ಲದೆ ಆರ್ಭಟಿಸಿದೆವು. ನನಗಂತೂ ಅಳು ಬಂತು. ನಗು ತಡೆದುಕೊಂಡಿದ್ದಕ್ಕೋ, ನಮ್ಮ ಪಾಡಿಗೋ ಗೊತ್ತಿಲ್ಲ.

ಅವತ್ತು ಮೊದಲ ಬಾರಿಗೆ ಬಂದಿದ್ದ ಗಂಡ ಹೆಂಡತಿ ಹಿಂದಿನ ಸಾಲಿನಲ್ಲಿ ತಲೆ ತಗ್ಗಿಸಿ ಕೂತಿದ್ದರು. ಮುಗಿದ ಮೇಲೆ ಗಂಡ ನನ್ನ ಹತ್ತಿರ ಬಂದು ಮೆಲ್ಲಗೆ, "ಧೈರ್ಯ ತಗೊಳ್ಳಿ ಸಿಸ್ಟರ್. ಮಣ್ಣು ಎಷ್ಟ್ ಗಂಟೆಗೆ?" ಅಂದರು.

೩. ಆಕಾಶದ ಪಾಲು

ಸೂರ್ಯ, ಚಂದ್ರ, ಆಕಾಶ ಎಲ್ಲವೂ ದೇವರನ್ನು ಸ್ತುತಿಸಲಿ ಎನ್ನುವ ಕೀರ್ತನೆಯೊಂದಿದೆ. ಪಾಸ್ಟರ್ ಅದನ್ನು ಪಿಸುಗುಟ್ಟುತ್ತಿದ್ದ ದಿನವೇ ಯಲಹಂಕದಲ್ಲಿ ವಿಮಾನ ಪ್ರದರ್ಶನದ ರಿಹರ್ಸಲ್. ಅವರು "ಆಕಾಶವೇ" ಅಂದದ್ದೇ ತಡ, ಯುದ್ಧವಿಮಾನವೊಂದು ನಮ್ಮ ಚಾವಣಿಯ ಶೀಟು ನಡುಗುವಂತೆ ಹಾದುಹೋಯಿತು. ಮರುಗಳಿಗೆಗೆ ಓನರ್ ಬಾಗಿಲಲ್ಲಿ.

"ಬೇಸ್ ಕಮ್ಮಿ ಮಾಡ್ರೀ!"

ಐವತ್ತು ಜನ ಸಾಕ್ಸ್ ಹಾಕಿದ ಕೈ ಎತ್ತಿ ತೋರಿಸಿದೆವು. ಅಷ್ಟರಲ್ಲಿ ಇನ್ನೊಂದು ವಿಮಾನ ಬಂತು. ಓನರ್ ಮೇಲೆ ನೋಡಿದರು, ನಮ್ಮ ಕೈ ನೋಡಿದರು, ಆಮೇಲೆ ಪಾಸ್ಟರನ್ನು ಕೇಳಿದರು. "ಅವ್ರೂ ನಿಮ್ ಕಡೆಯೋರೇನಾ?"

೪. ಇಪ್ಪತ್ತಾರು ಸಲ

ಒಂದು ಕೀರ್ತನೆಯನ್ನು ನಾವು ಪ್ರತಿ ತಿಂಗಳ ಮೊದಲ ಭಾನುವಾರ ತಪ್ಪದೆ ಓದುತ್ತೇವೆ. ಪಾಸ್ಟರ್ ಒಂದು ಸಾಲು ಓದಬೇಕು, ಸಭೆ ಕಣ್ಣು ಮುಚ್ಚಿ "ಆತನ ಕರುಣೆಗೆ ಕೊನೆಯಿಲ್ಲ" ಅನ್ನಬೇಕು. ಹೀಗೆ ಇಪ್ಪತ್ತಾರು ಸಲ. ಆ ದಿನ ಯಾರು ಮೊದಲು ಮೈಮರೆತರೋ, ಹತ್ತನೇ ಸಾಲಿಗೆ ಪಿಸುಮಾತು ಹೋಗಿ ಗಂಟಲು ಬಂದಿತ್ತು. ಹನ್ನೆರಡಕ್ಕೆ ಗೋಡೆ ಅದುರುತ್ತಿತ್ತು. ಹದಿನೈದು ಮುಗಿದದ್ದೇ ಪಾಸ್ಟರಿಗೆ ಕೆಮ್ಮು ಬಂದು ಓದು ನಿಂತಿತು. ಸರಿಯಾಗಿ ಆಗ ಓನರ್ ಬಾಗಿಲಿಗೆ ಬಂದು ನಿಂತರು.

"ನಿಮಗೆ ಎಷ್ಟ್ ಸಲ ಹೇಳೋದು?"

ಸಭೆ ಕಣ್ಣು ಮುಚ್ಚಿಕೊಂಡೇ, "ಆತನ ಕರುಣೆಗೆ ಕೊನೆಯಿಲ್ಲ!"

"ನಂಗೆ ಬಿ.ಪಿ. ಇದೆ ಕಣ್ರೀ!"

"ಆತನ ಕರುಣೆಗೆ ಕೊನೆಯಿಲ್ಲ!"

"ಸಾಕು! ಈ ತಿಂಗಳೇ ಖಾಲಿ ಮಾಡಿ!"

ಈಗ ಎಲ್ಲರೂ ಕಣ್ಣು ಬಿಟ್ಟರು. ಯಾರೂ ಉಸಿರೆತ್ತಲಿಲ್ಲ. ಮೂರನೇ ಸಲವೂ ಗಂಟುಮೂಟೆ ಕಟ್ಟಬೇಕಲ್ಲ ದೇವರೇ ಅಂದುಕೊಂಡೆ ನಾನು.

ಓನರ್ ಕಾದರು. ನಮ್ಮನ್ನು ಈ ಕಡೆಯಿಂದ ಆ ಕಡೆವರೆಗೂ ನೋಡಿದರು. ಆರು ವರ್ಷದಿಂದ ತಿಂಗಳಿಗೊಮ್ಮೆ ಇದನ್ನು ಕೆಳಗಿನಿಂದ ಕೇಳುತ್ತಾ ಬಂದವರು. ಸಾಲು ಮುಗಿದ ಮೇಲೆ ಬರಬೇಕಾದ್ದು ಬರದಿದ್ದದ್ದು ಅವರಿಗೆ ತಡೆಯಲಾಗಲಿಲ್ಲ ಅಂತ ಕಾಣುತ್ತದೆ. ಗಂಟಲು ಸರಿಮಾಡಿಕೊಂಡು ತಾವೇ ಜೋರಾಗಿ ಅಂದರು:

"ಆತನ ಕರುಣೆಗೆ ಕೊನೆಯಿಲ್ಲ!"

ಪಾಸ್ಟರ್ ಬಾಯಿ ತೆರೆದುಕೊಂಡು ನಿಂತೇ ಇದ್ದರು. ಓನರ್ ಒಳಗೆ ಬಂದು ಪ್ಲಾಸ್ಟಿಕ್ ಕುರ್ಚಿ ಎಳೆದುಕೊಂಡು ಕೂತು ಗದರಿದರು.

"ಏನ್ ನೋಡ್ತಿದ್ದೀರಾ? ಇನ್ನೂ ಹನ್ನೊಂದಿದೆ, ಓದಿ!"