ಬಲಗಡೆಯ ಹಳದಿ ಹಿಡಿ

ಲಿಫ್ಟ್ ಇನ್‌ಸ್ಪೆಕ್ಟರಿಗೆ ತನ್ನ ಹೆಂಡತಿಯ ಮೇಲೆ ಇದ್ದದ್ದು ಒಂದೇ ದೂರು: ಆಕೆ ಗ್ಯಾಸಿಗೆ ಹೆದರುವುದಿಲ್ಲ. (ತನಗೂ ಹೆದರುವುದಿಲ್ಲ ಎಂಬುದು ಇನ್ನೊಂದು ದೂರು. ಅದನ್ನು ಆತ ಬಾಯಿಬಿಟ್ಟು ಹೇಳುತ್ತಿರಲಿಲ್ಲ.)

ಕೆಲಸದ ಮೇಲೆ ಪರದೇಶಕ್ಕೆ ಬಂದು, ಬಾಡಿಗೆ ಮನೆ ಹಿಡಿದು ಎರಡು ತಿಂಗಳಾಗಿತ್ತು. ಇಲ್ಲಿ ಸಿಲಿಂಡರ್ ಇಲ್ಲ, ಬುಕ್ ಮಾಡುವ ರಗಳೆಯಿಲ್ಲ. ಗೋಡೆಯೊಳಗಿನ ಪೈಪಿನಲ್ಲಿ ಗ್ಯಾಸು ತಾನಾಗಿ ಬಂದು ಒಲೆಯನ್ನೂ ಬಚ್ಚಲಿನ ಬಿಸಿನೀರನ್ನೂ ನೋಡಿಕೊಳ್ಳುತ್ತಿತ್ತು. ಹೆಂಡತಿಗೆ ಇದು ಸ್ವರ್ಗ. ಗಂಡನಿಗೆ ಮಾತ್ರ, ಊರಿನಲ್ಲಿ ದಿನಾ ರೆಗ್ಯುಲೇಟರ್ ತಿರುಗಿಸಿ ಅಭ್ಯಾಸವಾಗಿದ್ದ ಕೈ ಇಲ್ಲಿ ತಿರುಗಿಸಲು ಏನೂ ಸಿಗದೆ ಚಡಪಡಿಸುತ್ತಿತ್ತು.

ಕೊನೆಗೆ ಸಿಕ್ಕಿತು. ಮೆಟ್ಟಿಲ ತಿರುವಿನಲ್ಲಿ ಒಂದು ತಗಡಿನ ಕಪಾಟು, ಅದರೊಳಗೆ ಎರಡು ಮೀಟರು, ಗ್ಯಾಸು ಮುಚ್ಚಿ ತೆರೆಯುವ ಎರಡು ಹಳದಿ ಹಿಡಿ. ಆ ಅಂತಸ್ತಿನಲ್ಲಿ ಇದ್ದವೂ ಎರಡೇ ಮನೆ: ಬಲಕ್ಕೆ ಇವರದು, ಎಡಕ್ಕೆ ನಿವೃತ್ತ ಸಂಗೀತ ಟೀಚರದು. ಬಲಗಡೆಯ ಮನೆಗೆ ಬಲಗಡೆಯ ಹಿಡಿ. ಇದರಲ್ಲಿ ಯೋಚಿಸುವುದಕ್ಕೆ ಏನಿದೆ? ಇನ್‌ಸ್ಪೆಕ್ಟರ್ ಯೋಚಿಸಲಿಲ್ಲ.

ಹೆಂಡತಿ ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ರಿಸೆಪ್ಷನಿಸ್ಟು, ಎಂಟಕ್ಕೇ ಹೊರಡುವವಳು. ಎಂಟೂವರೆಗೆ ಇನ್‌ಸ್ಪೆಕ್ಟರ್ ಮನೆಗೆ ಬೀಗ ಹಾಕಿ, ಬೀಗವನ್ನು ಮೂರು ಸಲ ಜಗ್ಗಿ, ಅರ್ಧ ಮೆಟ್ಟಿಲಿಳಿದು ಬಲಗಡೆಯ ಹಿಡಿಯನ್ನು ಗಂಭೀರವಾಗಿ ಅಡ್ಡ ತಿರುಗಿಸಿ ಕೆಲಸಕ್ಕೆ ಹೋಗುತ್ತಿದ್ದ. ಸಂಜೆ ಐದೂವರೆಗೆ ಬಂದು ಅಷ್ಟೇ ಗಂಭೀರವಾಗಿ ನೆಟ್ಟಗೆ ಮಾಡುತ್ತಿದ್ದ.

"ಇಡೀ ಬಿಲ್ಡಿಂಗಲ್ಲಿ ಇನ್ಯಾರೂ ಹೀಗೆ ಮಾಡಲ್ಲ ಕಣ್ರೀ," ಎಂದಳು ಹೆಂಡತಿ.

"ಗ್ಯಾಸ್ ಅಂದ್ರೆ ಆಟ ಅಲ್ಲ ಕಣೇ. ಅನಿಲ! ಕಣ್ಣಿಗೆ ಕಾಣಲ್ಲ, ಕಿವಿಗೆ ಕೇಳಲ್ಲ."

"ಹಾಗಾದ್ರೆ ನಿಮಗಿಂತ ವಾಸಿ. ನೀವು ಕಿವಿಗೆ ಕೇಳ್ತಾನೇ ಇರ್ತೀರ."

ಇದೇ ದಿನಗಳಲ್ಲಿ ಎದುರುಮನೆಯ ಟೀಚರಿಗೆ ಒಂದು ಕಷ್ಟ ಶುರುವಾಯಿತು. ಆಕೆ ಏಳುವುದು ಒಂಬತ್ತಕ್ಕೆ. ಎದ್ದರೆ ಒಲೆ ಹತ್ತದು, ಬಚ್ಚಲಲ್ಲಿ ನೀರು ಕಾಯದು. ಕಂಪನಿಗೆ ಫೋನು ಮಾಡಿದರೆ ಫಿಟ್ಟರ್ ಬರುವುದು ಸಂಜೆ ಆರರ ಮೇಲೆ. ಅವನು ಮುಟ್ಟಿದ ಕೂಡಲೇ ಒಲೆ ಭಗ್ಗನೆ ಹತ್ತುತ್ತಿತ್ತು. ಮೂರನೆಯ ಸಲ ಬಂದಾಗ ಅವನು ಮೆಲ್ಲಗೆ, "ಅಮ್ಮಾ, ನಾಬ್ ಒತ್ತಿ ತಿರುಗಿಸ್ಬೇಕು. ಮರೆತು ಹೋಗುತ್ತಾ?" ಎಂದು ಕೇಳಿದ. (ಅವರೆಲ್ಲ ಆಡಿದ್ದು ಅವರ ಭಾಷೆಯಲ್ಲಿ. ನಮ್ಮ ಅನುಕೂಲಕ್ಕೆ ಕನ್ನಡದಲ್ಲಿ ಕೊಟ್ಟಿದೆ.)

ಆ ಮಾತು ಟೀಚರ ಎದೆಗೆ ನಾಟಿತು. ಮೂವತ್ತು ವರ್ಷ ಹಚ್ಚಿದ ಒಲೆ ಮರೆತುಹೋಗುತ್ತದೆಯೇ? ಒಂದು ಸಂಜೆ ಇನ್‌ಸ್ಪೆಕ್ಟರನ ಮನೆಗೆ ಬಂದು ಕುಳಿತು, ಹೆಂಡತಿಯ ಕೈ ಹಿಡಿದುಕೊಂಡರು.

"ನನ್ನ ತಲೆ ಕೆಡ್ತಾ ಇದೆ ಕಣಮ್ಮ. ವೃದ್ಧಾಶ್ರಮದವರು ಕಾಗದ ಕಳಿಸಿದ್ದಾರೆ. ಸೈನ್ ಹಾಕಿಬಿಡ್ತೀನಿ. ಅಲ್ಲಿ ಪಿಯಾನೋಗೆ ಜಾಗ ಇಲ್ವಂತೆ."

"ಬೇಡ ಟೀಚರ್, ಸ್ವಲ್ಪ ತಡೀರಿ," ಎಂದಳು ಹೆಂಡತಿ. ಮರುದಿನದಿಂದ ಬೆಳಗ್ಗೆಯೇ ಅಡುಗೆ ಮಾಡಿ, ಒಂದು ಡಬ್ಬಿ ಅವರ ಬಾಗಿಲಲ್ಲಿಟ್ಟು ಕೆಲಸಕ್ಕೆ ಹೋಗತೊಡಗಿದಳು.

ಇನ್‌ಸ್ಪೆಕ್ಟರಿಗೂ ಮರುಕ ಉಕ್ಕಿ ಬಂತು. ಮರುಕಕ್ಕಿಂತ ಹೆಚ್ಚಾಗಿ ಪಾಂಡಿತ್ಯ ಉಕ್ಕಿ ಬಂತು.

"ಭಾನುವಾರ ಹೇಗಿರುತ್ತೆ?" ಎಂದು ಟೀಚರನ್ನು ವಿಚಾರಿಸಿದ.

"ಭಾನುವಾರ ದಿನವೆಲ್ಲಾ ಚೆನ್ನಾಗಿ ಉರಿಯುತ್ತೆ."

"ನೋಡಿದ್ಯಾ?" ಎಂದು ಹೆಂಡತಿಯ ಕಡೆ ತಿರುಗಿದ. "ಭಾನುವಾರ ಫ್ಯಾಕ್ಟರಿಗಳಿಗೆ ರಜ. ಪೈಪಲ್ಲಿ ಒತ್ತಡ ಜಾಸ್ತಿ. ಉಳಿದ ದಿನ ಗ್ಯಾಸೆಲ್ಲ ಅವರೇ ಎಳ್ಕೋತಾರೆ."

"ನಮ್ಮನೇದು ಯಾಕೆ ಎಳ್ಕೊಳ್ಳಲ್ಲ?"

"ನಮ್ಮದನ್ನ ನಾನು ಮುಚ್ಚಿಟ್ಟಿರ್ತೀನಲ್ಲ!"

ಹೆಂಡತಿಗೆ ಈ ತರ್ಕ ಅರ್ಥವಾಗಲಿಲ್ಲ. ಅರ್ಥವಾಗದ್ದು ತನ್ನ ತಪ್ಪೆಂದು ಆಕೆ ಒಪ್ಪಲಿಲ್ಲ. ಕ್ಲಿನಿಕ್ಕಿಗೆ ಒಂದು ದಿನ ರಜ ಹಾಕಿ, ಕಂಪನಿಯವರೊಡನೆ ಅರ್ಧ ಗಂಟೆ ಜಗಳವಾಡಿ, ಫಿಟ್ಟರನ್ನು ಬೆಳಗ್ಗೆ ಹತ್ತಕ್ಕೆ ಕರೆಸಿದಳು. ಇಂಥ ಸಂದರ್ಭದಲ್ಲಿ ತಜ್ಞರೊಬ್ಬರು ಹಾಜರಿರಬೇಕೆಂದು ಇನ್‌ಸ್ಪೆಕ್ಟರೂ ರಜ ಹಾಕಿದ.

ಫಿಟ್ಟರ್ ಬಂದು ಟೀಚರ ಒಲೆ ಹಚ್ಚಿದ. ಒಂದು ಗಂಟೆ ಕಾದರೂ ಜ್ವಾಲೆ ನೀಲಿಯಾಗಿ, ನೆಟ್ಟಗೆ, ಸಾಧುವಾಗಿ ಉರಿಯಿತು. ಟೀಚರ ಮುಖ ಬಾಡಿತು. "ಮಗಳೇ, ಒಂದು ಪೆನ್ನು ಕೊಡು," ಎಂದು ಹೆಂಡತಿಗೆ ಹೇಳಿ ಆಶ್ರಮದ ಕಾಗದವನ್ನು ಕೈಗೆತ್ತಿಕೊಂಡರು. ಫಿಟ್ಟರ್ ಚೀಲಕ್ಕೆ ಸ್ಪ್ಯಾನರು ತುಂಬಿಕೊಂಡು ಹೊರಟ.

ಇನ್‌ಸ್ಪೆಕ್ಟರಿಗೆ ಅವನನ್ನು ಬರಿಗೈಯಲ್ಲಿ ಕಳಿಸಲು ಮನಸ್ಸಾಗಲಿಲ್ಲ. ಕಪಾಟಿನ ಹತ್ತಿರ ನಿಲ್ಲಿಸಿಕೊಂಡು ಉಪದೇಶ ಶುರುಮಾಡಿದ.

"ನಿಮ್ಮ ಗಿರಾಕಿಗಳಿಗೆ ಶಿಸ್ತು ಕಲಿಸಿ ಸ್ವಾಮಿ. ನನ್ನನ್ನೇ ನೋಡಿ. ಈ ಹಿಡಿ ಕಂಡಾಗಿನಿಂದ ಒಂದು ದಿನ ತಪ್ಪಿಸಿಲ್ಲ. ಮನೆ ಬಿಡೋ ಮುಂಚೆ ನಮ್ಮ ಹಿಡಿಯನ್ನ ಹೀಗೆ..." ಎಂದು ಬಲಗಡೆಯ ಹಿಡಿಯನ್ನು ಅಡ್ಡ ತಿರುಗಿಸಿದ.

"ಹೋಯ್ತು! ನೋಡಿ, ಹೋಯ್ತು!" ಒಳಗಿಂದ ಟೀಚರು ಕೂಗಿದರು.

"ಓಡ್ರೀ!" ಇನ್‌ಸ್ಪೆಕ್ಟರ್ ಉತ್ಸಾಹದಿಂದ ಕಿರುಚಿದ. "ಈಗಲೇ ಓಡಿ, ಕಳ್ಳ ಸಿಕ್ಕಿಬಿದ್ದ!"

ಫಿಟ್ಟರ್ ಓಡಲಿಲ್ಲ. ಇನ್‌ಸ್ಪೆಕ್ಟರನನ್ನು ಒಂದು ಕ್ಷಣ ನೋಡಿ, ಹಿಡಿಯನ್ನು ನೆಟ್ಟಗೆ ಮಾಡಿದ. "ಅಮ್ಮಾ, ಈಗ ಹಚ್ಚಿ."

"ಬಂತು!"

ಅಡ್ಡ ಮಾಡಿದ.

"ಅಯ್ಯೋ, ಹೋಯ್ತು!"

ಇನ್‌ಸ್ಪೆಕ್ಟರನ ಬಾಯಿಯೂ ಅಲ್ಲಿಗೆ ಬಂದ್ ಆಯಿತು. ಫಿಟ್ಟರ್ ಎಡಗಡೆಯ ಹಿಡಿಯನ್ನು ಎರಡೂ ಕೈಯಲ್ಲಿ ಹಿಡಿದು ಎಳೆದ. ಬಣ್ಣ ಅಂಟಿಕೊಂಡು ಬಿಗಿದುಹೋಗಿತ್ತು, ಅಲುಗಾಡಲಿಲ್ಲ. "ಇದು ನಿಮ್ಮದು. ಯಾವತ್ತೂ ಮುಚ್ಚೇ ಇಲ್ಲ," ಎಂದ. ಪೈಪುಗಳು ಗೋಡೆಯ ಹಿಂದೆ ಒಂದನ್ನೊಂದು ದಾಟಿ, ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ ಹೋಗಿದ್ದವು.

ಟೀಚರೂ ಹೆಂಡತಿಯೂ ಬಾಗಿಲಿಗೆ ಬಂದಿದ್ದರು. ಹೆಂಡತಿಯ ಕೈಯಲ್ಲಿ ಲೈಟರಿತ್ತು, ಕಣ್ಣಲ್ಲಿ ಅದಕ್ಕಿಂತ ಹೆಚ್ಚಿನ ಕಿಡಿಯಿತ್ತು. ಟೀಚರು ಬಯ್ಯುತ್ತಾರೆಂದು ಇನ್‌ಸ್ಪೆಕ್ಟರ್ ತಲೆತಗ್ಗಿಸಿದ. ಅವರು ಬಯ್ಯಲಿಲ್ಲ.

"ಹಾಗಾದ್ರೆ ನನ್ನ ತಲೆ ಸರಿಯಾಗಿದೆ!" ಎಂದರು. ಆಶ್ರಮದ ಕಾಗದವನ್ನು ಅಲ್ಲೇ ಎರಡು ತುಂಡು ಮಾಡಿ, ನಾಲ್ಕು ತುಂಡು ಮಾಡಿ, ಒಳಗೆ ಹೋಗಿ ಪಿಯಾನೋದ ಮುಚ್ಚಳ ತೆರೆದರು.

ಮೆಟ್ಟಿಲ ಮೇಲೆ ಸಂಗೀತ ಹರಿದು ಬರುತ್ತಿದ್ದಾಗ ಫಿಟ್ಟರ್ ಜೇಬಿನಿಂದ ಫಾರಂ ತೆಗೆದ. "ಗ್ಯಾಸ್ ನಿಂತುಹೋಗಲು ಕಾರಣ ಅಂತ ಒಂದು ಕಾಲಂ ಇದೆ. ಏನು ಬರೀಲಿ?"

ಇನ್‌ಸ್ಪೆಕ್ಟರ್ ಗಂಟಲು ಸರಿಮಾಡಿಕೊಂಡ. ತನ್ನ ಇಲಾಖೆಯಲ್ಲಿ ಎಷ್ಟೋ ವರದಿಗಳಿಗೆ ಬರೆದಿದ್ದ ಮಾತು ನಾಲಿಗೆಗೆ ಬಂತು. "ಮಾನವ ದೋಷ ಅಂತ ಹಾಕಿ."

ಫಿಟ್ಟರ್ ಬರೆದುಕೊಂಡು, ಪೆನ್ನು ಎತ್ತದೆ ಕೇಳಿದ: "ಯಾವ ಮಾನವ?"

"ನಾನು ಹೇಳ್ತೀನಿ, ಬರ್ಕೊಳ್ಳಿ," ಎಂದು ಹೆಂಡತಿ ಮುಂದೆ ಬಂದಳು. "ಮೊದಲು ಇನಿಷಿಯಲ್."