ಹಳೆ ಕಂಪ್ಯೂಟರಿನ ಮೆಮೊರಿ ಪಾಲು

ಮುಚ್ಚಿದ ಡಬ್ಬಿ ಕಂಡರೆ ಬಿಚ್ಚಿ ನೋಡದೆ ಇರಲಾಗದ ಸ್ವಭಾವ ನನ್ನದು. ಬಿಚ್ಚಿದ್ದನ್ನು ಮತ್ತೆ ಕೂಡಿಸುವುದು ಬೇರೆಯೇ ವಿದ್ಯೆ, ಅದು ನನಗೆ ಇನ್ನೂ ಒಲಿದಿಲ್ಲ. ಇಂಥವನು ಯಾದಗಿರಿಯ ಗುಜರಿ ಅಂಗಡಿಯಲ್ಲಿ ಫ್ಲಾಪಿ ಕಾಲದ ಕಂಪ್ಯೂಟರ್ ಕಂಡು ಸುಮ್ಮನೆ ಬಂದಾನೆಯೇ? ಶಹಾಪುರದ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಮನೆಗೆ ತಂದೆ. ಪಕ್ಕದಲ್ಲಿ ಕೂತವರು ಇನ್ವರ್ಟರಾ ಎಂದು ಕೇಳಿದರು. ಹೌದೆಂದೆ, ಸ್ವಲ್ಪ ಗೌರವ ಸಿಕ್ಕಿತು.

ಹೆಂಡತಿ ನೀಲಮ್ಮ ಬೈಯುತ್ತಾಳೆ ಎಂದುಕೊಂಡಿದ್ದೆ. ಬೈಯಲಿಲ್ಲ. ಟ್ರಂಕಿನ ತಳದಿಂದ ಒಂದು ಫ್ಲಾಪಿ ತೆಗೆದು ತಂದಳು. ಮದುವೆಗೆ ಮೊದಲು ಸುರಪುರದಲ್ಲಿ ಕಂಪ್ಯೂಟರ್ ಕ್ಲಾಸಿಗೆ ಹೋಗುತ್ತಿದ್ದಾಗ ಬಿಡಿಸಿದ ರಂಗೋಲಿಯೂ, ಬಿಡಿಸಲು ಬಳಸಿದ ಪ್ರೋಗ್ರಾಮೂ ಅದರಲ್ಲಿವೆಯಂತೆ; ಆಮೇಲೆ ಅದನ್ನು ನೋಡುವ ಯಂತ್ರವೇ ಸಿಗಲಿಲ್ಲವಂತೆ.

"ಇದನ್ನೊಮ್ಮಿ ತೋರಸ್ರಿ, ಸಾಕು. ಇಲ್ಲಂದ್ರ ಈ ಡಬ್ಬಿ ಹೊಳ್ಳಿ ಗುಜರಿಗೆ" ಎಂದಳು.

ಒಳಗೆ ಹೆಚ್ಚಿನ ಮೆಮೊರಿಯ ಕಾರ್ಡೊಂದಿತ್ತು, ಅದರ ಮೇಲೆ ಅಕ್ಕಿಕಾಳಿನಷ್ಟು ಸ್ವಿಚ್ಚುಗಳು. ಅವನ್ನು ಸರಿಸಿ ಮೆಮೊರಿಯನ್ನು ಎರಡು ಪಾಲು ಮಾಡಬೇಕು: ಒಂದು ಎಕ್ಸ್‌ಪ್ಯಾಂಡೆಡ್, ಇನ್ನೊಂದು ಎಕ್ಸ್‌ಟೆಂಡೆಡ್. ಹೆಸರು ಕೇಳಿದರೆ ಅವಳಿ ಮಕ್ಕಳು; ಆದರೆ ಒಂದರ ಕೆಲಸ ಇನ್ನೊಂದು ಮಾಡುವುದಿಲ್ಲ. ರಂಗೋಲಿಗೆ ಬೇಕಾದದ್ದು ಮೊದಲನೆಯದು. ಎರಡನೆಯದು ಮುಂದೆ ಬಂದ ದೊಡ್ಡ ದೊಡ್ಡ ಪ್ರೋಗ್ರಾಮುಗಳಿಗೆ. ಅಂಥದ್ದು ನನ್ನ ಬಳಿ ಒಂದೂ ಇರಲಿಲ್ಲ. ಇಲ್ಲೇ ನಮ್ಮ ಮನೆತನದ ರೂಢಿ ಅಡ್ಡ ಬಂತು. ನಮ್ಮಲ್ಲಿ ಹೊಸ ಗಾದಿ, ಒಳ್ಳೆಯ ರಜಾಯಿ ಏನಿದ್ದರೂ ಬಂದವರಿಗೆ. ಮನೆಯವರಿಗೆ ಚಾಪೆ, ಕೌದಿ. ನಾಳೆ ಯಾವುದಾದರೂ ದೊಡ್ಡ ಪ್ರೋಗ್ರಾಮು ಬಂದರೆ? ಮುಕ್ಕಾಲು ಪಾಲು ಅದಕ್ಕೆಂದು ಎತ್ತಿಟ್ಟು, ಉಳಿದ ಚೂರನ್ನು ರಂಗೋಲಿಗೆ ಕೊಟ್ಟೆ.

ಫ್ಲಾಪಿ ಗರಗರ ಎಂದಿತು. ಇಬ್ಬರೂ ಬಾಗಿ ನೋಡಿದೆವು. ಮೆಮೊರಿ ಸಾಲದು ಎಂದು ತೆರೆಯ ಮೇಲೆ ಒಂದೇ ಸಾಲು ಬಂತು. ನೀಲಮ್ಮನ ಮುಖ ಸಣ್ಣದಾಯಿತು, ನನಗೂ ಸಂಕಟವಾಯಿತು. ಪಾಲು ಹೇಗೆ ಮಾಡಿದಿರಿ ಎಂದು ಕೇಳಿದಳು. ಹೇಳಿದೆ.

"ಬರಲಾರದವ್ರ ಸಲುವಾಗಿ ಮನ್ಯಾಗಿದ್ದವ್ರನ್ನ ಹೊರಗ ಕುಂದ್ರಿಸೀರಿ ನೋಡ್ರಿ."

ಸ್ವಿಚ್ಚುಗಳನ್ನೆಲ್ಲ ಅತ್ತಲಿಂದ ಇತ್ತ ಸರಿಸಿದೆ. ಈ ಸಲ ಒಂದೊಂದೇ ಗೆರೆ ಮೂಡಿ ಎಂಟೆಸಳಿನ ತಾವರೆ ಬಂತು. ಒಂದು ಎಸಳು ಮಾತ್ರ ಅರ್ಧಕ್ಕೆ ನಿಂತಿತ್ತು. ಅವತ್ತು ಕ್ಲಾಸು ಮುಗಿದು ಎಬ್ಬಿಸಿ ಕಳಿಸಿದ್ದರಂತೆ. ನೀಲಮ್ಮ ಕುರ್ಚಿ ಎಳೆದುಕೊಂಡು ಕೂತು, ಕೀಲಿ ಒತ್ತುತ್ತ ಅದನ್ನು ಪೂರ್ತಿ ಮಾಡಿದಳು. ಅವಳನ್ನು ನೋಡುತ್ತ ನಿಂತ ನನಗೆ ಎಷ್ಟು ಖುಷಿಯಾಯಿತೆಂದು ಅವಳಿಗೆ ಹೇಳಲಿಲ್ಲ.

ಇನ್ನು ಇದು ಇಲ್ಲೇ ಇರಲಿ, ಮುಂದಿನ ಕೋಣೆಯ ಮಂಚ ತೆಗೆದು ಅಲ್ಲಿ ಮೇಜು ಹಾಕಿರಿ ಎಂದಳು. ಬದುಕಿದೆ ಎಂದುಕೊಂಡು ಸುಮ್ಮನಿರಬೇಕಿತ್ತು. ಬಾಯಿ ಕೇಳಬೇಕಲ್ಲ.

"ಮಂಚ ತಗದ್ರ, ಬೀಗರು ಬಂದಾಗ ಎಲ್ಲಿ ಮಲಗಸ್ತಿ?" ಎಂದೆ.

ನಮಗೆ ಬೀಗರಾಗುವವರು ಯಾರೋ, ಯಾವ ಊರಿನವರೋ ಇನ್ನೂ ಗೊತ್ತಿಲ್ಲ. ಮಗಳು ಒಂಬತ್ತನೇ ಕ್ಲಾಸಿನಲ್ಲಿದ್ದಾಳೆ.