ತ್ಯಾಗಲಿಯಾಚೆ ಹತ್ತು ನಿಮಿಷ

ಕ್ರಿ.ಶ. ೨೧೫೦ರಿಂದ ಪ್ರತಿ ಮಂಗಳವಾರ ಸಿದ್ದಾಪುರದಿಂದ ಒಂದು ಬಸ್ಸು ಹೊರಡತಕ್ಕದ್ದು. ತ್ಯಾಗಲಿ ದಾಟಿದ ಮೇಲೆ ಸತ್ತವರ ನಿಲ್ದಾಣದಲ್ಲಿ ಹತ್ತು ನಿಮಿಷ ನಿಲ್ಲತಕ್ಕದ್ದು. ತೀರಿಹೋದವರನ್ನು ಕಂಡು ಮಾತಾಡಿ ಬರಲು ಅಷ್ಟು ಸಾಕು. ಇದು ನಿವೃತ್ತ ಶಿಕ್ಷಕಿ ಸುಬ್ಬಲಕ್ಷ್ಮಿ ಬರೆದ ಕತೆ. ಭವಿಷ್ಯ ಸಾಹಿತ್ಯ ಸಮಿತಿಯವರು ಅದಕ್ಕೆ ಆಶಾವಾದದ ಬಹುಮಾನ ಕೊಟ್ಟು, ಮರುದಿನವೇ ಸೀಟು ಕಾಯ್ದಿರಿಸುವ ಪ್ರಕಟಣೆ ಹೊರಡಿಸಿದರು.

ಸುಬ್ಬಲಕ್ಷ್ಮಿ ಸಮಿತಿಯ ಕಚೇರಿಗೆ ಓಡಿದರು. "ಗೋವಿಂದಾ, ಆನು ಬರದ್ದು ಕತೆ. ಅಂಥ ಬಸ್ಸು ಎಲ್ಲೂ ಇಲ್ಲೆ!"

ಕಾರ್ಯದರ್ಶಿ ಗೋವಿಂದ ರಿಜಿಸ್ಟರಿನಿಂದ ತಲೆ ಎತ್ತಲಿಲ್ಲ. "ಅಕ್ಕೋರೇ, ಮುನ್ನೂರು ಅರ್ಜಿ ಬೈಂದು. ಈಗ ಬಸ್ಸು ಇಲ್ಲೆ ಹೇಳಲೆ ಬತ್ತಿಲ್ಲೆ."

ಮುನ್ನೂರ ಒಂದನೆಯ ಅರ್ಜಿ ಹಿಡಿದು ಬನವಾಸಿಯ ಅನ್ನಪೂರ್ಣವ್ವ ಮೇಜಿನ ಮುಂದೆ ನಿಂತಿದ್ದರು. ವಯಸ್ಸು ಎಪ್ಪತ್ತೊಂದು.

"ನಿಯಮ ನಾಲ್ಕು," ಎಂದ ಗೋವಿಂದ. "ಭೇಟಿಗೆ ಮೃತರ ಲಿಖಿತ ಒಪ್ಪಿಗೆ ಬೇಕು. ಯಜಮಾನರ ಸಹಿ ಎಲ್ಲಿ?"

"ಬದುಕಿದ್ದಾಗಲೇ ಸಹಿ ಕಲೀಲಿಲ್ರಿ. ಅಲ್ಲಿ ಹೋಗಿ ಕಲಿತಾರೇನು?"

"ಅವರ ಹತ್ತಿರ ಅಂಥಾ ಕೆಲಸ ಏನು?"

"ಅವತ್ತು ಸಿಟ್ಟಿಗೆದ್ದು ನಾ ಬಡಿಸಲಿಲ್ರಿ. ಉಣ್ಣದ ಹಂಗ ಹೊಲಕ್ಕ ಹೋದರು, ತಿರುಗಿ ಬರಲಿಲ್ಲ. ಉಂಡ್ರೇನು ಅಂತ ಕೇಳಬೇಕ್ರಿ. ಅಷ್ಟ."

ಸುಬ್ಬಲಕ್ಷ್ಮಿ ಬಾಯಿತನಕ ಬಂದ ನಿಜವನ್ನು ನುಂಗಿಕೊಂಡರು. ತಮ್ಮ ಮೇಲೆ ತಮಗೇ ಹೇಸಿಗೆಯಾಯಿತು; ಆದರೂ ನುಂಗಿಕೊಂಡರು. "ಒಪ್ಪಿಗೆ ಆನೇ ಬರಕೊಡ್ತೆ. ನಿಲ್ದಾಣ ಎನ್ನದು," ಎಂದರು.

ಇದು ಕ್ರಮಬದ್ಧವಾಗಿದ್ದುದರಿಂದ ಗೋವಿಂದ ನಿಯಮ ಏಳನ್ನು ಓದಿದ: "ಅರ್ಜಿದಾರರು ೨೧೫೦ರೊಳಗೆ ತೀರಿಕೊಂಡಲ್ಲಿ ಅರ್ಜಿ ವಜಾ. ಅಂಥವರು ನೇರವಾಗಿ ನಿಲ್ದಾಣದಲ್ಲಿ ಹಾಜರಿರತಕ್ಕದ್ದು."

"ಆಗಲ್ರಿ," ಎಂದರು ಅನ್ನಪೂರ್ಣವ್ವ.

ಆದರೆ ಸೀಟು ಇರಲಿಲ್ಲ. ನಲವತ್ತೆಂಟೂ ಸಮಿತಿಯ ಸದಸ್ಯರಿಗೆ, ಅವರ ಬೀಗರಿಗೆ ಹೋಗಿದ್ದವು. ಅಧ್ಯಕ್ಷರ ಮನೆಯಲ್ಲಿ ಇನ್ನೂ ಯಾರೂ ಸತ್ತಿರಲಿಲ್ಲ. ಮುಂದೆ ಬೇಕಾದೀತೆಂದು ಕಿಟಕಿ ಪಕ್ಕದ ನಾಲ್ಕನ್ನು ಹಿಡಿದಿಟ್ಟಿದ್ದರು.

"ಹಂಗಾರ ನಿಂತ ಹೋಗ್ತೀನ್ರಿ. ಬನವಾಸಿಯಿಂದ ಇಲ್ಲಿತನಕಾನೂ ನಿಂತ ಬಂದೇನಿ."

ಸಮಿತಿ ಅಲ್ಲೇ ತುರ್ತು ಸಭೆ ಸೇರಿ, ಮಾನವೀಯ ನೆಲೆಯಲ್ಲಿ, ನಿಂತು ಪ್ರಯಾಣಿಸಲು ಅಭ್ಯಂತರವಿಲ್ಲವೆಂದು ಠರಾವು ಪಾಸು ಮಾಡಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಕತೆಯ ಬಸ್ಸಿನಲ್ಲಿ ಹಿಡಿದುಕೊಳ್ಳಲು ಏನೂ ಇಲ್ಲವಲ್ಲ ಎಂದು ಗೋವಿಂದನೊಬ್ಬ ಆಕ್ಷೇಪಣೆ ಎತ್ತಿದ.

ಸುಬ್ಬಲಕ್ಷ್ಮಿ ಪೆನ್ನು ತೆಗೆದು, ತಮ್ಮ ಕತೆಯ ಮೂರನೆಯ ಪುಟದಲ್ಲಿ, ಬಸ್ಸಿನ ಬಾಗಿಲ ಪಕ್ಕ, ಮುದುಕಿಯ ಕೈಗೆ ಎಟುಕುವ ಎತ್ತರಕ್ಕೆ ಒಂದು ಕಂಬಿ ಸೇರಿಸಿದರು.